ಇದ್ದಿಲು, ಉಪ್ಪು, ವಿದ್ಯುತ್ತು

ಪೆಟ್ರೋಲ್ ಕಾರಿಗೂ ಅದನ್ನು ಸಾಕುವ ಮನೆಗೂ ಇರುವ ನಂಟು ನೆರಳಿನದು. ನಿಲ್ಲಲು ಮನೆಯ ಮಗ್ಗುಲಲ್ಲಿ ಒಂದಿಷ್ಟು ಜಾಗ ಸಿಕ್ಕರೆ ಸಾಕು, ಅದರ ಹೊಟ್ಟೆ ತುಂಬಿಸುವ ಹೊಣೆ ಹೆದ್ದಾರಿಯ ಬಂಕಿನದು. ವಿದ್ಯುತ್ ಕಾರು ಹಾಗಲ್ಲ; ಅದು ಕೊಟ್ಟಿಗೆಯ ದನದಂತೆ ಮನೆಯಲ್ಲೇ ಮೇವು ಕೇಳುತ್ತದೆ, ರಾತ್ರಿಯೆಲ್ಲ ಮೆಲುಕು ಹಾಕುತ್ತ ನಿಂತು ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತದೆ, ಆದ್ದರಿಂದ ಅದನ್ನು ತರುವವರು ಅದು ಬರುವ ಮೊದಲೇ ಮೇವಿನ ಏರ್ಪಾಟು ಮಾಡಿಟ್ಟುಕೊಂಡಿರಬೇಕಾಗುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಏರ್ಪಾಟಿಗೆ ಅದರದೇ ಆದ ತೊಡಕುಗಳೂ ಅನುಕೂಲಗಳೂ ಇವೆ. ಅವನ್ನು ಒಂದೊಂದಾಗಿ ನೋಡುತ್ತ ಹೋದರೆ, ಹೊಸದೆಂದು ತೋರುವ ಈ ಕೆಲಸದ ಬಹುಪಾಲು ಈ ಮನೆಗಳಿಗೆ ಕೈಪಳಗಿದ ಹಳೆಯ ವಿದ್ಯೆಗಳಿಗೆ ತೀರ ಹತ್ತಿರದ್ದು ಎಂಬುದು ತಿಳಿಯುತ್ತದೆ.

ಮನೆಯಲ್ಲಿ ಕಾರನ್ನು ಚಾರ್ಜಿಗೆ ಹಾಕುವ ರೂಢಿ ಕರ್ನಾಟಕದಲ್ಲಿ ಎರಡು ದಶಕಗಳಿಗೂ ಹಿಂದಿನದು. ಚೇತನ್ ಮೈನಿ ಅವರ ಮುಂದಾಳತನದಲ್ಲಿ ರೂಪುಗೊಂಡು 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು ಸೀಸ ಮತ್ತು ಆಮ್ಲದ ಬ್ಯಾಟರಿಗಳನ್ನು ಹೊತ್ತು ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಬೀದಿಗೊಂದು ಚಾರ್ಜಿಂಗ್ ಕೇಂದ್ರ ಕಾಣದಿದ್ದ ಆ ಕಾಲದಲ್ಲಿ ಅದಕ್ಕೆ ಮನೆಯ 15 ಆಂಪಿಯರ್ ಪ್ಲಗ್ಗೇ ಮುಖ್ಯ ಆಧಾರವಾಗಿತ್ತು. ಬೆಂಗಳೂರಿಗೂ ತಿಪಟೂರಿಗೂ ನಡುವೆ ಇರುವ ಸುಮಾರು 140 ಕಿಲೋಮೀಟರನ್ನು ಅದು ಒಂದೇ ಚಾರ್ಜಿನಲ್ಲಿ ದಾಟಲಾರದ್ದರಿಂದ ರಾಜಧಾನಿಯ ಬಡಾವಣೆಗಳ ಕಾರಾಗಿಯೇ ಉಳಿಯಿತು. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ಹೊರತಂದ ರಾಜ್ಯ ಕರ್ನಾಟಕ, ಅದು 2017ರಲ್ಲಿ. 2020ರ ಜನವರಿಯಲ್ಲಿ 30.2 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯ ಟಾಟಾ ನೆಕ್ಸಾನ್ ಬಂದ ಮೇಲೆ, ಬೆಂಗಳೂರಿನಲ್ಲಿ ಹೊರಟ ಕಾರು ನಡುವೆ ಎಲ್ಲೂ ಚಾರ್ಜಿಗೆ ನಿಲ್ಲದೆ ತೆಂಗಿನ ತೋಟದ ಅಂಗಳಕ್ಕೆ ಬಂದು ಸೇರುವುದು ಸಾಧ್ಯವಾಯಿತು. ಬಂದು ಸೇರಿದ ಮೇಲೆ ಅದಕ್ಕೆ ಅಂಗಳದಲ್ಲಿ ಏನಿದೆ ಎಂಬ ಪ್ರಶ್ನೆ ಹುಟ್ಟಿದ್ದು ಆಗ.

ಉತ್ತರಕ್ಕೆ ಮುನ್ನ ಎರಡು ಅಳತೆಗಳ ಪರಿಚಯ ಬೇಕು. ವಿದ್ಯುತ್ತು ಎಷ್ಟು ರಭಸದಿಂದ ಬಳಕೆಯಾಗುತ್ತಿದೆ ಎಂಬುದನ್ನು ಕಿಲೋವಾಟ್ ಹೇಳುತ್ತದೆ. ಒಂದು ಕಿಲೋವಾಟ್ ರಭಸ ಒಂದು ಗಂಟೆ ನಡೆದರೆ ಕೂಡುವ ಮೊತ್ತವೇ ಬಿಲ್ಲಿನಲ್ಲಿ ಕಾಣುವ ಯೂನಿಟ್. ಕೊಳವೆಬಾವಿಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಎಷ್ಟು ಇಂಚು ನೀರು ಬರುತ್ತಿದೆ ಎಂಬ ಲೆಕ್ಕ, ಎರಡನೆಯದು ತೊಟ್ಟಿಯಲ್ಲಿ ಎಷ್ಟು ನೀರು ನಿಂತಿತು ಎಂಬ ಲೆಕ್ಕ. ಕಾರಿನ ಜೊತೆಗೆ ಬರುವ ಸಣ್ಣ ಚಾರ್ಜರನ್ನು 15 ಆಂಪಿಯರಿನ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿದರೆ ಅದು ಸುಮಾರು 3.3 ಕಿಲೋವಾಟ್ ಎಳೆಯುತ್ತದೆ. ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್ 32 ಆಂಪಿಯರಿನವರೆಗೆ ಏರಿ 7.2 ಕಿಲೋವಾಟ್ ಎಳೆಯುತ್ತದೆ. ಸಣ್ಣ ಕಾರೊಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತದೆಂದೂ, ತುಂಬಿಸುವಾಗ ನೂರಕ್ಕೆ ಹತ್ತರಷ್ಟು ಶಾಖವಾಗಿ ಸೋರುತ್ತದೆಂದೂ ಇಟ್ಟುಕೊಂಡರೆ, ತುರುವೇಕೆರೆಯಿಂದಲೋ ಚಿಕ್ಕನಾಯಕನಹಳ್ಳಿಯಿಂದಲೋ ತಿಪಟೂರಿಗೆ ಹೋಗಿಬರುವ 60 ಕಿಲೋಮೀಟರಿನ ಆಸುಪಾಸಿನ ಓಡಾಟಕ್ಕೆ ಬೇಕಾಗುವುದು ಒಂಬತ್ತೂವರೆ ಯೂನಿಟ್, ಅಂದರೆ ಸಣ್ಣ ಚಾರ್ಜರಿನಲ್ಲಿ ಮೂರು ಗಂಟೆ. ರಾತ್ರಿ ಎಂಟು ಗಂಟೆ ಬಿಟ್ಟರೆ ಅದೇ ಚಾರ್ಜರ್ 26 ಯೂನಿಟ್ ತುಂಬಿ 160 ಕಿಲೋಮೀಟರಿಗೂ ಹೆಚ್ಚಿನ ಓಟವನ್ನು ಕೂಡಿಸಿಡುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದ ಮನೆಗೆ ದೊಡ್ಡ ಚಾರ್ಜರಿನ ಅಗತ್ಯ ಬಹುಮಟ್ಟಿಗೆ ಇಲ್ಲವೆಂಬುದು ಮನದಟ್ಟಾಗುತ್ತದೆ.

ನಿಧಾನವನ್ನು ಕೊರತೆಯೆಂದು ಎಣಿಸದ ಬುದ್ಧಿ ಈ ಸೀಮೆಗೆ ಕೊಬ್ಬರಿಯಿಂದ ಬಂದಿದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿಯನ್ನು ಯಾರೂ ಅವಸರದಲ್ಲಿ ಮಾಡಲಾರರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಿಟಕು ಒಳಗೆ ಗಡಗಡ ಉರುಳುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಹೋಳು ಮಾಡಿ ಬಿಸಿಲಿಗೆ ಹರವಿದ ಎಣ್ಣೆ ಕೊಬ್ಬರಿ ಕೆಲವೇ ದಿನಗಳಲ್ಲಿ ಒಣಗುತ್ತದೆ. ಆದರೂ ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಅದಕ್ಕೆ ಕ್ವಿಂಟಾಲಿಗೆ 11,582 ರೂಪಾಯಿಯ ಬೆಂಬಲ ಬೆಲೆಯನ್ನೂ ಅಟ್ಟದಲ್ಲಿ ಕಾದು ಬಂದ ಉಂಡೆ ಕೊಬ್ಬರಿಗೆ 12,100 ರೂಪಾಯಿಯನ್ನೂ ಗೊತ್ತುಮಾಡಿತು. ಬ್ಯಾಟರಿಯ ಸ್ವಭಾವವೂ ಇದಕ್ಕೆ ದೂರವಲ್ಲ. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಪದೇ ಪದೇ ತುಂಬಿಸಿದರೆ ಅದು ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಅದರ ಆಯುಸ್ಸು ಸವೆಯುತ್ತದೆ, ಮನೆಯಲ್ಲಿ ತಣ್ಣಗೆ ತುಂಬಿಕೊಂಡರೆ ಹೆಚ್ಚು ವರ್ಷ ಬಾಳುತ್ತದೆ.

ಮೇವಿನ ಪ್ರಮಾಣ ತಿಳಿದ ಮೇಲೆ ಅದು ಬರುವ ದಾರಿಯನ್ನು ನೋಡಬೇಕು. ಪ್ರತಿ ಮನೆಯ ಸಂಪರ್ಕಕ್ಕೂ ಗುರುತಿಗೆಂದು ಒಂದು ಆರ್.ಆರ್. ನಂಬರೂ ಒಂದು ಮಂಜೂರಾದ ಲೋಡೂ ಇರುತ್ತವೆ. ಲೋಡ್ ಎಂದರೆ ಆ ಮನೆ ಏಕಕಾಲಕ್ಕೆ ಇಷ್ಟು ಕಿಲೋವಾಟ್ ಎಳೆಯಬಹುದೆಂದು ವಿದ್ಯುತ್ತು ಪೂರೈಸುವ ಬೆಸ್ಕಾಂ ಒಪ್ಪಿಕೊಂಡ ಮಿತಿ. ದೀಪ, ಫ್ಯಾನು, ಟಿವಿ, ಮಿಕ್ಸಿಗಳಿಗೆಂದು ಹಿಂದೆ ಒಂದೆರಡು ಕಿಲೋವಾಟಿಗೆ ಪಡೆದ ಸಂಪರ್ಕದ ಮೇಲೆ 3.3 ಕಿಲೋವಾಟನ್ನು ಹೇರುವ ಮೊದಲು ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ನಿಯಮ. ಅದರಲ್ಲಿ ನೆರೆಯವರ ಹಿತವೂ ಅಡಗಿದೆ, ಹೇಗೆಂದರೆ ಹಳ್ಳಿಯ ಬೀದಿಗಳಿಗೆ ವಿದ್ಯುತ್ತು ಬರುವುದು ಜನ ಟಿ.ಸಿ. ಎಂದು ಕರೆಯುವ ಪರಿವರ್ತಕದಿಂದ, ಆ ಟಿ.ಸಿ. ಸಣ್ಣದಾಗಿದ್ದರೆ ಅದರ ಶಕ್ತಿ 25 ಕೆ.ವಿ.ಎ. (ಹೆಚ್ಚುಕಡಿಮೆ ಅಷ್ಟೇ ಕಿಲೋವಾಟ್) ಮಾತ್ರ, ಆ ಇಪ್ಪತ್ತೈದು ಮೂರು ಫೇಸುಗಳಿಗೆ ಹಂಚಿಹೋದಾಗ ಒಂದೊಂದು ಫೇಸಿನ ಪಾಲಿಗೆ ಬರುವುದು ಎಂಟು ಚಿಲ್ಲರೆ. ಒಂದೇ ಫೇಸಿಗೆ ಸೇರಿದ ಎರಡು ಮನೆಗಳು ಒಂದೇ ಹೊತ್ತಿನಲ್ಲಿ ಕಾರುಗಳನ್ನು ಚಾರ್ಜಿಗೆ ಹಾಕಿದರೆ ಆ ಪಾಲಿನ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯುತ್ತದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಅಡುಗೆಮನೆಗಳು ಬಳಕೆಯಲ್ಲಿರುವಾಗ ಕಾರನ್ನು ಸುಮ್ಮನೆ ನಿಲ್ಲಿಸಿ, ಊರು ಮಲಗಿದ ಮೇಲೆ ಚಾರ್ಜು ಹರಿಯುವಂತೆ ವೇಳೆ ಗೊತ್ತುಮಾಡುವುದು ನೆರೆಮನೆಯ ಮಕ್ಕಳ ಓದಿನ ದೀಪವನ್ನು ಕಾಯುವ ಕೆಲಸ. ಕಾರಿನ ಪರದೆಯಲ್ಲಾಗಲಿ ಫೋನಿನಲ್ಲಾಗಲಿ ಹೀಗೆ ವೇಳೆ ಇಡಲು ಅವಕಾಶವಿರುವುದರಿಂದ ಯಾರೂ ನಿದ್ದೆಗೆಡಬೇಕಾಗಿಲ್ಲ.

ಹಣದ ಲೆಕ್ಕದಲ್ಲಿ ಕರ್ನಾಟಕದ ಮನೆಗಳಿಗೆ ವಿಶೇಷವಾದ ಒಂದು ಗೆರೆಯಿದೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯೊಂದರ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡ 10 ಸೇರಿಸಿ ಬಂದಷ್ಟು ಯೂನಿಟ್ ಉಚಿತವಾಗುತ್ತದೆ; ಆ ಪಾಲು ಮೀರಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ, 200 ಮೀರಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು 160 ಯೂನಿಟ್ಟಿನಷ್ಟು ತಿನ್ನುವುದರಿಂದ, 60 ಯೂನಿಟ್ಟಿನಲ್ಲಿ ಸಂಸಾರ ನಡೆಸುವ ಮನೆಯೂ ಆ ಗೆರೆಯನ್ನು ದಾಟುತ್ತದೆ. ಮನೆಯ ಈಗಿನ ಸಂಪರ್ಕದಲ್ಲೇ ಕಾರನ್ನು ಚಾರ್ಜ್ ಮಾಡಬಹುದೆಂದು ಕೇಂದ್ರದ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ತಿಳಿಸಿತು. ಬೇಕೆನ್ನುವವರಿಗೆ ಕಾರಿಗೆಂದೇ ಪ್ರತ್ಯೇಕ ಸಂಪರ್ಕ ಕೊಡಬೇಕೆಂದು 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ, ಹೊಸ ಸಂಪರ್ಕಕ್ಕೆ ಪಟ್ಟಣದಲ್ಲಿ 7 ದಿನ, ಗ್ರಾಮಾಂತರದಲ್ಲಿ 15 ದಿನಗಳ ಗಡುವನ್ನೂ ಹಾಕುತ್ತದೆ. ಪ್ರತ್ಯೇಕ ಮೀಟರಿನಿಂದ ಮನೆಯ ಬಳಕೆಯೂ ಕಾರಿನ ಬಳಕೆಯೂ ಬೇರೆಬೇರೆಯಾಗಿ ಕಾಣುತ್ತವೆ. ಹಾಗೆ ಮಾಡದೆ ಪೂರ್ತಿ ಬಿಲ್ಲು ಕಟ್ಟಿದರೂ, 2024ರ ಏಪ್ರಿಲ್‌ನಲ್ಲಿ ಗೃಹ ಬಳಕೆಗೆ ನಿಗದಿಯಾದ ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯ ದರದಲ್ಲಿ ಕಾರಿನ ಪಾಲು ಸಾವಿರ ಕಿಲೋಮೀಟರಿಗೆ ಸಾವಿರ ರೂಪಾಯಿಯ ಒಳಗೇ ನಿಲ್ಲುತ್ತಿತ್ತು. ಪೆಟ್ರೋಲಿನಲ್ಲಿ ಅಷ್ಟು ದೂರ ಓಡಿಸಿದವರಿಗೆ ಈ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ.

ತೋಟದ ಮನೆಗಳ ವಿಷಯ ಬೇರೆ, ಅಲ್ಲಿ ಎಚ್ಚರ ಹೆಚ್ಚು ಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನೂ ಪಂಪ್‌ಸೆಟ್ಟುಗಳ ಲೈನನ್ನೂ ಬೇರ್ಪಡಿಸಿದ ಮೇಲೆ ಊರಿನ ಮನೆಗೆ ದಿನವಿಡೀ ವಿದ್ಯುತ್ತು ಸಿಗುವಂತಾಯಿತು. ತೋಟದ ನಡುವೆ ಕಟ್ಟಿಕೊಂಡ ಒಂಟಿಮನೆಗಳು ಪಂಪಿನ ಲೈನಿನಲ್ಲೇ ಉಳಿದು, ತ್ರೀ ಫೇಸ್ ಬರುವ ಏಳು ಗಂಟೆಗಳ ಸರದಿಗೂ ಉಳಿದ ಹೊತ್ತಿನ ಕುಂದಿದ ವೋಲ್ಟೇಜಿಗೂ ಹೊಂದಿಕೊಂಡು ಬಾಳುತ್ತವೆ. ಅಲ್ಲಿ ಮೋಟರಿನ ಪೆಟ್ಟಿಗೆಯಿಂದ ಒಂದು ವೈರು ಎಳೆದು ಕಾರಿಗೆ ಕೊಟ್ಟುಬಿಡುವ ಯೋಚನೆ ಸುಲಭವಾಗಿ ಬರುತ್ತದೆ. ಆದರೆ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತವಾಗಿ ಬರುವ ವಿದ್ಯುತ್ತಿನ ಹಣವನ್ನು ರಾಜ್ಯದ ಬೊಕ್ಕಸ ತುಂಬಿಕೊಡುತ್ತದೆ, ತೆಂಗಿಗೆ ನೀರು ಹಾಯಿಸುವುದಕ್ಕೆಂದು ಕೊಡುತ್ತದೆ. ಅದನ್ನು ಕಾರಿಗೆ ತಿರುಗಿಸುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆ, ನೆರೆಯ ತೋಟದ ಮೋಟರಿನ ವೋಲ್ಟೇಜನ್ನು ಇಳಿಸುವ ಅನ್ಯಾಯವೂ ಹೌದು. ಒಂಟಿಮನೆಯವರು ಕಾರಿಗೆಂದು ಸರಿಯಾದ ಸಂಪರ್ಕವನ್ನು ಕೇಳಿ ಪಡೆಯಬೇಕು, ಇಲ್ಲವೆ ಚಾರ್ಜಿಂಗಿನ ಜಾಗವನ್ನು ಊರೊಳಗಿನ ಮನೆಯಲ್ಲೇ ಇಟ್ಟುಕೊಳ್ಳಬೇಕು. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇರುವಾಗ ತೋಟದ ಮನೆಯ ಮಾಡಿಗೂ ಸೌರಫಲಕ ಹಾಕಿಸುವ ಆಸೆ ಸಹಜ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವನ್ನೂ ಕೊಡುತ್ತದೆ. ಆದರೆ ತೆಂಗಿನ ಗರಿಯ ನೆರಳು ಮಾಡಿನ ಮೇಲೆ ಎಷ್ಟು ಹೊತ್ತು ಬೀಳುತ್ತದೆ ಎಂಬುದನ್ನು ಬೆಳಗಿನಿಂದ ಸಂಜೆಯವರೆಗೆ ಒಮ್ಮೆ ಕಣ್ಣಾರೆ ನೋಡಿಕೊಂಡೇ ಮುಂದುವರಿಯಬೇಕು, ಏಕೆಂದರೆ ಫಲಕದ ಒಂದು ಮೂಲೆಗೆ ಬಿದ್ದ ನೆರಳು ಅಷ್ಟು ಮೂಲೆಗೆ ಮಾತ್ರ ನಿಲ್ಲದೆ ಒಟ್ಟು ಉತ್ಪಾದನೆಯನ್ನೇ ಕುಗ್ಗಿಸಬಲ್ಲದು.

ಮೀಟರಿನಿಂದ ಕಾರಿನವರೆಗಿನ ವೈರು ಈ ಏರ್ಪಾಟಿನಲ್ಲಿ ಕಣ್ಣಿಗೆ ಬೀಳದ, ಆದರೆ ಹೆಚ್ಚು ದುಡಿಯುವ ಭಾಗ. ಈ ಸೀಮೆಯ ಹಳೆಯ ಮನೆಗಳಲ್ಲಿ ಮೀಟರು ಮುಂದಿನ ಜಗಲಿಯ ಗೋಡೆಯಲ್ಲಿರುತ್ತದೆ, ಕಾರು ಹಿತ್ತಲ ಕಡೆಯ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತದೆ, ನಡುವೆ 30 ಮೀಟರ್ ದೂರವಿರುವುದು ಅಪರೂಪವಲ್ಲ. ಅಷ್ಟು ದೂರಕ್ಕೆ ದೀಪಗಳಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನೇ ಎಳೆದರೆ ದಾರಿಯಲ್ಲೇ ಹತ್ತು ವೋಲ್ಟು ಕಳೆದುಹೋಗಿ, ಸುಮಾರು 150 ವಾಟಿನ ಶಾಖ ಗೋಡೆಯೊಳಗೆ ರಾತ್ರಿಯೆಲ್ಲ ಹುಟ್ಟುತ್ತಿರುತ್ತದೆ. 4 ಚದರ ಮಿಲಿಮೀಟರಿನ ವೈರಿನಲ್ಲಿ ನಷ್ಟ ನಾಲ್ಕು ವೋಲ್ಟಿಗೆ ಇಳಿಯುತ್ತದೆ. ಪ್ಲಗ್ಗಿನ ಮಾತೂ ಹೀಗೆಯೇ. ಗೀಸರ್ ಕಾಲು ಗಂಟೆ ಎಳೆದು ನಿಲ್ಲುತ್ತದೆ, ಮಿಕ್ಸಿ ಐದು ನಿಮಿಷದಲ್ಲಿ ಮುಗಿಸುತ್ತದೆ, ಕಾರು ಮಾತ್ರ 14 ಆಂಪಿಯರನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಆಗ ಸಾಕೆಟ್ಟಿನ ಹಿತ್ತಾಳೆಯ ಹಿಡಿತ ಕೊಂಚ ಸಡಿಲವಾಗಿದ್ದರೂ ಅಲ್ಲಿ ಶಾಖ ಕೂಡುತ್ತದೆ. ಬಿಳಿಯ ಫಲಕದ ಮೇಲೆ ಪಿನ್ನಿನ ತೂತಿನ ಸುತ್ತ ಚಹಾದ ಕಲೆಯಂಥ ಕಂದು ಉಂಗುರ ಮೂಡುತ್ತದೆ, ಮೀನಿನ ವಾಸನೆಯನ್ನು ಹೋಲುವ ಒಂದು ಕಮಟು ಹೊರಡುತ್ತದೆ, ಪಿನ್ನನ್ನು ಕಿತ್ತರೆ ಅದರ ಬುಡ ಕಪ್ಪಾಗಿರುತ್ತದೆ. ಚಾರ್ಜಿಗೆ ಹಾಕಿದ ಒಂದು ಗಂಟೆಯ ಮೇಲೆ ಪ್ಲಗ್ಗಿನ ಮೇಲೆ ಕೈಯ ಹಿಂಬದಿಯನ್ನು ಇಟ್ಟು ನೋಡುವ ಅಭ್ಯಾಸವನ್ನು ಮನೆಯವರೆಲ್ಲ ಬೆಳೆಸಿಕೊಳ್ಳಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಕ್ಷಣವೇ ಚಾರ್ಜು ನಿಲ್ಲಿಸಿ ಸಾಕೆಟ್ ಬದಲಿಸಬೇಕು. ಕಾರ್ಖಾನೆಗಳಲ್ಲಿ ಬಳಸುವ ದಪ್ಪ ಪಿನ್ನಿನ ನೀಲಿ ಸಾಕೆಟ್ಟನ್ನು ಮೊದಲೇ ಹಾಕಿಸಿದರೆ ಈ ಭಯ ಬಹುಪಾಲು ಇಲ್ಲವಾಗುತ್ತದೆ.

ವೈರು ಯಾವ ಹಾದಿಯಲ್ಲಿ ಹೋಗಬೇಕೆಂಬುದು ತೆಂಗಿನ ಸೀಮೆಯಲ್ಲಿ ಪ್ರಾಣದ ಪ್ರಶ್ನೆ. ಕೊಬ್ಬರಿಯ ಅಟ್ಟದ ಮೂಲಕ ಅದನ್ನು ಹಾಯಿಸುವುದು ದಾರಿಯನ್ನು ಹತ್ತಿರ ಮಾಡಬಹುದು. ಆದರೆ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಕಾಯಿಯ ಮೇಲಿನ ಒಣಗಿದ ಮಟ್ಟೆ ಕಿಡಿಗಾಗಿ ಕಾದಂತಿರುವ ನಾರು, ಅಲ್ಲಿ ಓಡಾಡುವ ಇಲಿ ಮತ್ತು ಅಳಿಲುಗಳ ಹಲ್ಲಿಗೆ ವೈರಿನ ಪ್ಲಾಸ್ಟಿಕ್ ಹೊದಿಕೆ ಸಿಪ್ಪೆಗೆ ಸಮ. ವರ್ಷದ ಬೆಳೆಯೂ ಮನೆಯೂ ಒಂದೇ ಸೂರಿನ ಕೆಳಗಿರುವ ಇಂಥ ಕಡೆ ವೈರು ಹೊರಗೋಡೆಯ ಮೇಲೆ ಗಟ್ಟಿ ಪೈಪಿನೊಳಗೆ ಹೋಗಬೇಕು, ಮಟ್ಟೆಯ ರಾಶಿಯಿಂದಲೂ ದನ ಕಟ್ಟುವ ಗೊಂತಿನಿಂದಲೂ ದೂರವಿರಬೇಕು. ಕಾರಿನ ಜಾಗವನ್ನು ಆರಿಸುವಾಗ ತಲೆಯೆತ್ತಿ ಮೇಲೆ ನೋಡುವುದೂ ಅಷ್ಟೇ ಮುಖ್ಯ. ಎತ್ತರದ ಮರದಿಂದ ಬೀಳುವ ಕಾಯಿ ಗಾಜನ್ನು ಒಡೆಯುತ್ತದೆ, ಗಾಳಿಗೆ ಕಳಚಿದ ಗರಿ ಚಾರ್ಜಿಂಗ್ ಕೇಬಲ್ಲಿನ ಮೇಲೆ ಬಿದ್ದರೆ ಕಾರಿನ ಬಾಯಿಗೆ ಸಿಕ್ಕಿಸಿದ ಗನ್ನನ್ನೇ ಮುರಿಯಬಹುದು. ತೆಂಗು ಮಗನಂತೆ ಸಾಕುತ್ತದೆಂಬ ನಂಬಿಕೆಯಿರುವ ಸೀಮೆಯಲ್ಲೂ ಅದರ ಬುಡದಲ್ಲಿ ಯಾರೂ ಮಗುವನ್ನು ಮಲಗಿಸುವುದಿಲ್ಲ. ಕಾರಿಗೂ ಅದೇ ಎಚ್ಚರ ಸಲ್ಲಬೇಕು.

ಇಷ್ಟೆಲ್ಲ ಆದರೂ ಮೊದಲ ರಾತ್ರಿ ಕಾರು ಚಾರ್ಜಾಗಲು ಒಪ್ಪದಿರುವುದುಂಟು. ಪ್ಲಗ್ಗಿನಲ್ಲಿ ವಿದ್ಯುತ್ತಿದೆ, ಅದೇ ಪ್ಲಗ್ಗಿಗೆ ಹಾಕಿದ ಇಸ್ತ್ರಿ ಪೆಟ್ಟಿಗೆ ಕಾಯುತ್ತದೆ, ಚಾರ್ಜರ್ ಮಾತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಚಾರ್ಜರ್ ಕೆಟ್ಟಿದೆಯೆಂದು ತಿಳಿಯುವ ಮೊದಲು ಪ್ಲಗ್ಗಿನ ಮೂರನೆಯ ತೂತನ್ನು, ಅಂದರೆ ಅರ್ಥಿಂಗನ್ನು, ಪರೀಕ್ಷಿಸಬೇಕು. ಅರ್ಥಿಂಗ್ ಅಥವಾ ಭೂಸಂಪರ್ಕವೆಂದರೆ ಉಪಕರಣದ ಲೋಹದ ಮೈಯನ್ನು ನೆಲಕ್ಕೆ ಕಟ್ಟುವ ತಂತಿ; ಒಳಗೆಲ್ಲೋ ವಿದ್ಯುತ್ತು ಸೋರಿ ಮೈಗೆ ಬಂದರೆ ಅದು ಮುಟ್ಟಿದವರ ಮೂಲಕ ಹರಿಯದೆ ಈ ತಂತಿಯಿಂದ ನೆಲಕ್ಕಿಳಿಯುತ್ತದೆ. ಹಳೆಯ ಮನೆಗಳಲ್ಲಿ ಈ ತಂತಿ ಗೋಡೆಯೊಳಗೆ ಎಲ್ಲೋ ತುಂಡಾಗಿರುತ್ತದೆ, ಇಲ್ಲವೆ ಆರಂಭದಿಂದಲೂ ಇರುವುದಿಲ್ಲ, ದೀಪವೂ ಫ್ಯಾನೂ ಅದಿಲ್ಲದೆ ನಡೆಯುವುದರಿಂದ ಯಾರಿಗೂ ತಿಳಿದಿರುವುದಿಲ್ಲ. ಚಾರ್ಜರ್ ಅದನ್ನು ಮೊದಲೇ ಪರೀಕ್ಷಿಸಿ, ನೆಲದ ಆಸರೆ ಸಿಗದಿದ್ದರೆ ಕೆಲಸ ಆರಂಭಿಸುವುದಿಲ್ಲ. ಇಂಥಲ್ಲಿ ಪ್ಲಗ್ಗಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗಿನ ಕೊಕ್ಕೆಗೆ ಸೇರಿಸಿ ಚಾರ್ಜರನ್ನು ನಂಬಿಸುವ ಅಡ್ಡದಾರಿಯೊಂದಿದೆ. ಮುಂದೆಂದಾದರೂ ನ್ಯೂಟ್ರಲ್ ಕಡಿದ ದಿನ ಕಾರಿನ ಇಡೀ ಮೈಗೆ ವಿದ್ಯುತ್ತು ಹತ್ತಿ, ಒದ್ದೆ ಕಾಲಲ್ಲಿ ಬಾಗಿಲು ತೆಗೆಯಹೋದವರ ಜೀವ ಹೋಗಬಹುದಾದ್ದರಿಂದ ಇದನ್ನು ಯಾವ ಕಾರಣಕ್ಕೂ ಮಾಡಬಾರದು, ಮಾಡಿಸಬಾರದು. ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಸಮವಾಗಿವೆಯೇ ಎಂದು ಸದಾ ತೂಗುತ್ತ, 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೂ ಲೈನನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಕಾರಿನ ಲೈನಿಗೆ ತಪ್ಪದೆ ಹಾಕಿಸಬೇಕು. ಅದರ ಜೊತೆಗೆ ಹೊಸ ಅರ್ಥಿಂಗ್ ಗುಂಡಿಯೊಂದನ್ನು ತೋಡಿಸಬೇಕು.

ಗುಂಡಿ ತೋಡುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. ತೆಂಗಿನ ಸಸಿಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಗೊಬ್ಬರದ ಜೊತೆಗೆ ಬೂದಿಯನ್ನೂ ಉಪ್ಪನ್ನೂ ಹಾಕುವ ರೂಢಿ ತೆಂಗು ಬೆಳೆಯುವವರಲ್ಲಿ ಹಿಂದಿನಿಂದ ಬಂದದ್ದು. ಅರ್ಥಿಂಗ್ ಗುಂಡಿ ಅದರ ಅಣ್ಣನಂತಿದೆ. ಎಂಟು ಅಡಿ ಆಳ ತೆಗೆದು, ಮೈತುಂಬ ತೂತು ಕೊರೆದ ಸತು ಲೇಪಿತ ಕಬ್ಬಿಣದ ಪೈಪನ್ನು ನಟ್ಟನಡುವೆ ನಿಲ್ಲಿಸಿ, ಸುತ್ತಲೂ ಇದ್ದಿಲಿನ ಒಂದು ಪದರ, ಉಪ್ಪಿನ ಒಂದು ಪದರ ಎಂದು ತುಂಬುತ್ತ ಬರುತ್ತಾರೆ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ವಿದ್ಯುತ್ತು ಹರಿಯಲು ಹಾದಿ ಮಾಡುತ್ತದೆ. ತೆಂಗಿನ ಚಿಪ್ಪು ಹೇರಳವಾಗಿರುವ ಮನೆಗಳಿಗೆ ಇದ್ದಿಲಿನ ಕೊರತೆಯೂ ಇಲ್ಲ. ಉಪ್ಪು ವರ್ಷಗಳು ಕಳೆದಂತೆ ಕರಗಿ ಇಳಿದುಹೋಗುವುದರಿಂದಲೂ ಪೈಪನ್ನು ತಿನ್ನುವುದರಿಂದಲೂ ಬೆಂಟೊನೈಟ್ ಜೇಡಿಯ ಸಿದ್ಧ ಪುಡಿಯನ್ನು ಬಳಸುವವರು ಈಗ ಹೆಚ್ಚಿದ್ದಾರೆ. ಯಾವುದನ್ನು ತುಂಬಿದರೂ ಕೊನೆಗೆ ಅರ್ಥ್ ಟೆಸ್ಟರ್ ಹಾಕಿ ಅಳೆದಾಗ ಐದು ಓಮ್‌ಗಿಂತ ಕಡಿಮೆ ಬರಬೇಕೆಂಬುದು ಎಲೆಕ್ಟ್ರಿಷಿಯನ್ನರ ರೂಢಿಯ ಅಳತೆ. ಓಮ್ ಎಂದರೆ ಹರಿವಿಗೆ ನೆಲ ಒಡ್ಡುವ ತಡೆಯ ಮಾನ, ಆ ತಡೆ ನೆಲ ಒಣಗಿದಷ್ಟೂ ಏರುತ್ತದೆ.

ಆದ್ದರಿಂದ ಗುಂಡಿಗೆ ಸರಿಯಾದ ಜಾಗ ಬಚ್ಚಲ ನೀರು ಹರಿದುಹೋಗುವ ಕಡೆ. ಈ ಸೀಮೆಯ ಮನೆಗಳಲ್ಲಿ ಆ ನೀರು ವ್ಯರ್ಥವಾಗುವುದಿಲ್ಲ, ಅದರ ದಾರಿಯಲ್ಲಿ ಒಂದು ತೆಂಗಿನ ಮರ ನಿಂತಿರುತ್ತದೆ, ತೋಟದ ಬೇರೆ ಮರಗಳು ಸೊರಗಿದ ವರ್ಷವೂ ಅದು ಗೊನೆ ತುಂಬಿ ನಿಂತಿರುತ್ತದೆ. ಆ ಮರದಿಂದ ಕಾಯಿ ಬೀಳದಷ್ಟು ದೂರಕ್ಕೆ ಸರಿದು, ಅದೇ ನೀರಿನ ಸಾಲಿಗೆ ಹತ್ತಿರವಾಗಿ ಗುಂಡಿ ತೋಡಿದರೆ ನೆಲ ವರ್ಷವೆಲ್ಲ ತೇವವಾಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ, ಕೆರೆಯಂಗಳ ಬಿರುಕುಬಿಟ್ಟು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು, ಕಂದಿಕೆರೆ ಕಡೆಯ ಕಲ್ಲುನೆಲ ಕಾದಿರುವಾಗ, ಸಂಜೆ ಹೊಸ ಸಸಿಗಳಿಗೆ ನೀರು ಹೊತ್ತವರು ಕೊನೆಯ ಕೊಡವನ್ನು ಅರ್ಥಿಂಗ್ ಗುಂಡಿಯ ಮುಚ್ಚಳ ಸರಿಸಿ ಪೈಪಿನ ಬಾಯಿಗೆ ಸುರಿಯಬೇಕು. ಸಸಿಗೆ ಎರೆದ ಕೊಡಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ, ಒಂದು ಮುಂದಿನ ತಲೆಮಾರಿನ ಫಲಕ್ಕೆ, ಇನ್ನೊಂದು ಆ ರಾತ್ರಿ ಕಾರಿನ ಬಾಗಿಲು ಮುಟ್ಟುವ ಕೈಗೆ.